ಉಷ್ಟ್ರಪಕ್ಷಿಯ ತಿಥಿ

ನರಹರಿಗೆ ಒಂದು ಹುಚ್ಚು ಹಿಡಿದಿತ್ತು. ಹೊಳೆದಂಡೆಯ ಕೊರಕಲಿನಲ್ಲಿ ಅವನಿಗೆ ಮೊಟ್ಟೆಯ ಚಿಪ್ಪಿನ ಚೂರೊಂದು ಸಿಕ್ಕಿತ್ತು. ಹೆಚ್ಚುಕಡಿಮೆ ತೆಂಗಿನ ಚಿಪ್ಪಿನಷ್ಟು ದಪ್ಪ.

ಅವನಿದ್ದ ಆಶ್ರಮಕ್ಕೆ ಬಂದಿದ್ದ ವಿದ್ವಾಂಸರೊಬ್ಬರು ನೋಡಿ, "ಇದು ಉಷ್ಟ್ರಪಕ್ಷಿಯದು. ಸಾವಿರಾರು ವರ್ಷಗಳ ಹಿಂದೆ ನಮ್ಮ ದೇಶದಲ್ಲೂ ಇತ್ತು. ಸಂತತಿಯೇ ಅಳಿದುಹೋಯಿತು" ಎಂದರು.

ಅಯ್ಯೋ ಪಾಪ ಅನ್ನಿಸಿತು ನರಹರಿಗೆ. ಇಡೀ ವಂಶ ಹೋಗಿದೆ, ಒಂದು ತೊಟ್ಟು ಎಳ್ಳುನೀರು ಬಿಡುವವರಿಲ್ಲ! ತಾನೇ ಬಿಡುತ್ತೇನೆಂದು ದರ್ಭೆ, ಎಳ್ಳು ಹಿಡಿದು ಚಿದಂಬರ ಗುರುಗಳ ಹಿಂದೆ ಹೊಳೆಗೆ ಇಳಿದ.

"ಗುರುಗಳೇ, ಅದು ಸತ್ತ ತಿಥಿ ಯಾವುದು?"

"ತಿಥಿ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ ಇದೆಯಲ್ಲಪ್ಪ."

"ಅದು ಸೋಮಾರಿಗಳ ದಾರಿ. ನನಗೆ ಅದು ಸತ್ತ ದಿನವೇ ಬೇಕು."



ಅಷ್ಟರಲ್ಲಿ ಮರಳು ತುಂಬಲು ಗೌಡರ ಟ್ರ್ಯಾಕ್ಟರ್ ಬಂತು. ಮರಳಿಗೆ ಅಗೆಯಬೇಕಿದ್ದ ದಿಬ್ಬದ ಮೇಲೆಯೇ ಟಿಟ್ಟಿಭ ಹಕ್ಕಿಯೊಂದು ಮೊಟ್ಟೆ ಇಟ್ಟು ಕೂತಿತ್ತು. ಟ್ರ್ಯಾಕ್ಟರ್ ಹತ್ತಿರ ಬಂದದ್ದೇ ಹಕ್ಕಿ ಎದ್ದು ಕಿರುಚಾಡಿತು. ಗುರುಗಳು ಸೀದಾ ಹೋಗಿ ಮೊಟ್ಟೆಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

ಡ್ರೈವರ್ ಕರಿಬಸಪ್ಪ ಗಕ್ಕನೆ ನಿಲ್ಲಿಸಿದ. "ಏಳಿ ಅಜ್ಜಾ! ಇವು ಹೋದ್ರೆ ಇನ್ನೊಂದು ಕಡೆ ಇಡ್ತದೆ ಬಿಡಿ. ಇಂಥ ಹಕ್ಕಿಗೇನು ಬರಗಾಲವೇ?"

ಗುರುಗಳು ಶಿಷ್ಯನ ಕಡೆ ತಿರುಗಿದರು. "ಕೇಳಿಸಿತೇನೋ? ನಿನ್ನ ಹಕ್ಕಿ ಸತ್ತದ್ದು, ಯಾರೋ ಮೊದಲ ಸಲ ಈ ಮಾತು ಆಡಿದ ದಿನ."

ನರಹರಿ ಗುರುಗಳ ಬಳಿಗೆ ಓಡಿಬಂದ. "ಗುರುಗಳೇ, ಆಶ್ರಮ ನಿಂತಿರುವುದೇ ಗೌಡರ ಜಾಗದಲ್ಲಿ. ನಾಳೆ ನಮ್ಮನ್ನ ಓಡಿಸಿದರೆ?"

"ಓಡಿಸಲಿ. ಗಂಟು ಕಟ್ಟೋಕೆ ನಮಗೆ ಕೈಯಿದೆ, ನಡೆಯೋಕೆ ಕಾಲಿದೆ. ಇವಕ್ಕೆ ಏನಿದೆ?"

ಕೈಯಲ್ಲಿದ್ದ ಎಳ್ಳು ನೋಡಿ ನರಹರಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಅದನ್ನು ಹೊಳೆಗೆ ಬಿಸಾಡಿ ಗುರುಗಳ ಪಕ್ಕ ಧೊಪ್ಪನೆ ಕೂತ.

"ಹತ್ತಿಸೋದಾದ್ರೆ ನನ್ನ ಮೇಲೂ ಹತ್ತಿಸು!" ಎಂದ.

ಕರಿಬಸಪ್ಪ ಹಣೆ ಚಚ್ಚಿಕೊಂಡ. "ಗೌಡರಿಗೆ ನಾನೇನು ಹೇಳ್ಲಿ? ಎಷ್ಟು ದಿನ ಅಂತ ಹಿಂಗೆ ಕೂರ್ತೀರಿ, ಅಜ್ಜಾ?"

ಬಿಸಿಲು ಏರುತ್ತಿತ್ತು. ಗುರುಗಳು ಮೊಟ್ಟೆಗಳ ಮೇಲೆ ತಮ್ಮ ನೆರಳು ಬೀಳುವಂತೆ ಕೊಂಚ ಸರಿದು ಕೂತರು.

"ನನ್ನನ್ನೇನು ಕೇಳ್ತೀಯಪ್ಪ? ಮೊಟ್ಟೆಯನ್ನ ಕೇಳು."