ಅವ್ವನಿಗೆ ಹೆಣಿಗೆ ಕಲಿಸಿದ್ದು

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಆಶ್ರಮವೆಂದರೆ ಹೆಂಚಿನ ಎರಡು ಮನೆ, ಒಂದು ಬೇವಿನ ಮರ, ಹೊಳೆಗೆ ಇಳಿಯುವ ಮೆಟ್ಟಿಲು. ಅಷ್ಟೆ.

ಅಲ್ಲಿಯ ಗುರುವಿನ ಹೆಸರು ನೀಲಾಂಬಿಕೆ. ಎಲ್ಲರೂ ಅವ್ವ ಎನ್ನುತ್ತಿದ್ದರು. ಪ್ರಶ್ನೆ ಹೊತ್ತು ಬಂದವರಿಗೆ ಅವ್ವ ಮೊದಲು ಊಟಕ್ಕೆ ಬಡಿಸುತ್ತಿದ್ದರು. ಉಂಡ ಮೇಲೂ ಪ್ರಶ್ನೆ ಉಳಿದಿದ್ದರೆ ಮಾತಾಡುತ್ತಿದ್ದರು.

ಪ್ರಭಾವತಿ ಅವರ ಶಿಷ್ಯೆ. ಟೆಲಿಫೋನ್ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು. ಆಶ್ರಮಕ್ಕೆ ಬರುವಾಗ ಒಂದು ಚೀಲದಲ್ಲಿ ಬಟ್ಟೆ ತಂದಿದ್ದಳು, ಇನ್ನೊಂದರಲ್ಲಿ ಉಲ್ಲನ್ ಉಂಡೆಗಳನ್ನೂ ಹೆಣಿಗೆಯ ಕಡ್ಡಿಗಳನ್ನೂ ತುಂಬಿಕೊಂಡು ಬಂದಿದ್ದಳು. ಎರಡನೆಯ ಚೀಲ ನೋಡಿ ಅವ್ವ ನಕ್ಕಿದ್ದರು. ಬೇಡ ಎಂದಿರಲಿಲ್ಲ.

ಹೆಣಿಗೆ ಅವಳ ಹವ್ಯಾಸ. ಗೊತ್ತಿರುವುದನ್ನೇ ಮತ್ತೆ ಹೆಣೆಯಲು ಅವಳಿಗೆ ಬೇಸರ. ಶಾಲು ಕೈಗೆ ಹತ್ತಿದ ಕೂಡಲೇ ಟೊಪ್ಪಿಗೆ. ಟೊಪ್ಪಿಗೆ ಹತ್ತಿದ ಕೂಡಲೇ ನಾಲ್ಕು ಕಡ್ಡಿಯಲ್ಲಿ ಸುತ್ತಿ ಹೆಣೆಯುವ ಕಾಲುಚೀಲ. ಮೊದಲ ಕಾಲುಚೀಲದ ಹಿಮ್ಮಡಿ ಆನೆಯ ಸೊಂಡಿಲಿನಂತೆ ಉದ್ದವಾಯಿತು. ನಾಚಿಕೆಯಿಂದ ಅದನ್ನು ಚಹಾದ ಕಿಟ್ಲಿಗೆ ತೊಡಿಸಿದಳು.

ಅವ್ವ ಕಿಟ್ಲಿಯನ್ನು ನೋಡಿದರು. "ಇದಕ್ಕ ಥಂಡಿ ಆಗಿತ್ತೇನವಾ?"

"ತಪ್ಪೇತ್ರೀ ಅವ್ವಾ. ಬಿಚ್ಚಿ ಮತ್ತ ಹೆಣೀತೀನಿ."

"ಬಿಚ್ಚಬ್ಯಾಡ. ಚಾ ಬಿಸಿ ಐತಿ."

ಆದರೂ ಅವಳು ಬಿಚ್ಚಿದಳು. ತಪ್ಪನ್ನು ಹಾಗೇ ಬಿಟ್ಟು ನಿದ್ದೆ ಮಾಡುವುದು ಅವಳಿಂದ ಆಗುತ್ತಿರಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವನಿಗೆ ಲಕ್ವಾ ಹೊಡೆಯಿತು.

ಆಸ್ಪತ್ರೆಯಿಂದ ಮರಳಿದಾಗ ಅವರಿಗೆ ಮಾತು ಇತ್ತು, ನಡಿಗೆ ಇತ್ತು, ಎರಡೂ ನಿಧಾನವಾಗಿದ್ದವು. ಬಲಗೈ ಮಾತ್ರ ಬೇರೆ ಯಾರೋ ಮರೆತು ಬಿಟ್ಟುಹೋದ ವಸ್ತುವಿನಂತೆ ಅವರ ಮಡಿಲಲ್ಲಿ ಬಿದ್ದಿರುತ್ತಿತ್ತು.

ಬೆರಳಿಗೆ ಕೆಲಸ ಕೊಡುತ್ತಿರಬೇಕು ಎಂದು ಡಾಕ್ಟರು ಹೇಳಿದ್ದರು. ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅವ್ವ ಕೆಲವು ದಿನ ಹಿಚುಕಿದರು. ಆಮೇಲೆ ಚೆಂಡನ್ನು ಆಶ್ರಮದ ನಾಯಿಗೆ ಉರುಳಿಸಿಬಿಟ್ಟರು.

"ಎಷ್ಟು ಹಿಚುಕಿದರೂ ಅದರಿಂದ ಏನೂ ಹುಟ್ಟವಲ್ದು," ಎಂದರು. "ಪ್ರಭಾ, ನನಗ ಹೆಣಿಗಿ ಕಲಸು."

ಪ್ರಭಾವತಿ ಗಾಬರಿಯಾದಳು. ಪಾದ ಮುಟ್ಟಲು ಬಾಗಿದಳು. "ನಾ ನಿಮಗ ಕಲಸೋದೇನ್ರೀ ಅವ್ವಾ?"

"ಕಾಲು ಚಲೋ ಅದಾವು," ಎಂದರು ಅವ್ವ. "ಕೈ ಹಿಡಿ."

ಕಲಿಕೆ ಶುರುವಾಯಿತು.

ಪ್ರಭಾವತಿ ದಪ್ಪನೆಯ ಕಡ್ಡಿಯನ್ನು ಅವ್ವನ ಬಲಗೈಯಲ್ಲಿಟ್ಟು ಬೆರಳು ಮಡಿಸಿದಳು. ಕಡ್ಡಿ ನೆಲಕ್ಕೆ ಬಿತ್ತು. ಮತ್ತೆ ಇಟ್ಟಳು. ಮತ್ತೆ ಬಿತ್ತು.

ಒಂದೇ ಕೈಯಲ್ಲಿ ಹೆಣೆಯುವುದು ಹೇಗೆ? ಅವಳಿಗೆ ಗೊತ್ತಿರಲಿಲ್ಲ. ಕಲಿಯದೆ ಕಲಿಸುವುದು ಹೇಗೆ?

ತನ್ನ ಕೋಣೆಗೆ ಹೋಗಿ ಬಲಗೈಯನ್ನು ಟವೆಲಿನಿಂದ ಸೊಂಟಕ್ಕೆ ಕಟ್ಟಿಕೊಂಡಳು. ಕಡ್ಡಿಯನ್ನು ಕಂಕುಳಲ್ಲಿ ಇರುಕಿಸಿ ನೋಡಿದಳು; ಜಾರಿತು. ಮೊಣಕಾಲುಗಳ ನಡುವೆ ಹಿಡಿದಳು. ಬೆನ್ನು ನೋವು ಬಂತು. ಬಾಳೆದಿಂಡಿನ ತುಂಡಿಗೆ ಚುಚ್ಚಿದಳು; ಉಲ್ಲನ್ನಿಗೆಲ್ಲ ಕರೆಯಾಯಿತು. ಕಿಟಕಿಯ ಸಂದಿಗೆ ಸಿಕ್ಕಿಸಿ ಗೋಡೆಗೆ ಮುಖ ಮಾಡಿ ನಿಂತು ಹೆಣೆಯುತ್ತಿದ್ದಾಗ ಅಡಿಗೆಯ ಶಿವಕ್ಕ ಒಳಗೆ ಬಂದಳು.

"ಯಾರು ಕಟ್ಟಿ ಹಾಕ್ಯಾರ ನಿಮಗ?"

"ನಾನಽ ಕಟ್ಟಿಕೊಂಡೀನಿ ಶಿವಕ್ಕ. ಒಂದೀಟು ಒಣಾ ಹುಲ್ಲು ತಂದು ಕೊಡು."

ಹಳೆಯ ಖಾದಿ ಬಟ್ಟೆಯ ಚಿಕ್ಕ ಚೀಲ ಹೊಲಿದು, ಹುಲ್ಲನ್ನು ಕಲ್ಲಿನಂತೆ ಗಟ್ಟಿಯಾಗಿ ತುಂಬಿ, ಸೊಂಟಕ್ಕೆ ಕಟ್ಟುವ ಲಾಡಿ ಹಚ್ಚಿದಳು. ಕಡ್ಡಿಯ ಹಿಂತುದಿಯನ್ನು ಅದಕ್ಕೆ ಚುಚ್ಚಿದಾಗ ಕಡ್ಡಿ ಯಾರೂ ಹಿಡಿಯದೆ ನಿಂತಿತು. ಎಡಗೈ ದಾರ ಸುತ್ತಬಹುದು. ಬಲಗೈಯ ಬೆರಳು ದಾರದ ಕುಣಿಕೆಯನ್ನು ಒಂದಿಷ್ಟು ತಳ್ಳಿದರೆ ಸಾಕು.

ಅವ್ವ ಸೊಂಟದ ಮೇಲಿನ ಹುಲ್ಲಿನ ಚೀಲವನ್ನು ಎಡಗೈಯಿಂದ ತಟ್ಟಿ ನೋಡಿದರು. ಎಳೆಯ ಹುಡುಗಿಯಂತೆ ನಕ್ಕರು.

"ಏನು ಹೆಣೀಲಿ?"

"ಮಫ್ಲರ್ ಹೆಣೀರಿ. ಬರೇ ಸೀದಾ ಸಾಲು. ಹೋಗೋದು, ಬರೋದು."

"ಶಿವಕ್ಕಗ ಆಗಲಿ. ಚಳಿಯಾಗ ಎದ್ದು ಒಲಿ ಹಚ್ಚತಾಳ."

ಮೊದಲ ಸಾಲಿಗೆ ಇಡೀ ಬೆಳಗು ಹಿಡಿಯಿತು. ಎರಡನೆಯ ಸಾಲಿನಲ್ಲಿ ಒಂದು ಕುಣಿಕೆ ಬಿಟ್ಟುಹೋಗಿ ತೂತಾಯಿತು. ಅವ್ವ ಆ ತೂತನ್ನು ತುಂಬಾ ಹೊತ್ತು ನೋಡಿದರು. ಕಡ್ಡಿ ಕೆಳಗಿಟ್ಟು ಮಲಗಲು ಹೋದರು.

ಅವರು ಹೋದ ರೀತಿಯನ್ನು ಪ್ರಭಾವತಿಗೆ ಸಹಿಸಲಾಗಲಿಲ್ಲ.

ಮಧ್ಯಾಹ್ನ ಅವ್ವ ಮಲಗಿದ್ದಾಗ ಆ ಒಂದು ಕುಣಿಕೆಯನ್ನು ಎತ್ತಿ ಕಟ್ಟಿದಳು. ಒಂದೇ ಒಂದು.

ಮರುದಿನ ಇನ್ನೂ ಕೆಲವು. ಆಮೇಲೆ ಸಾಲಿಗೆ ಸಾಲೇ ಬಿಚ್ಚಿ ಹೆಣೆಯತೊಡಗಿದಳು. ಅವ್ವನ ಕೈಯಂತೆಯೇ ಕಾಣಬೇಕೆಂದು ಅಲ್ಲಲ್ಲಿ ತುಸು ಸಡಿಲ ಬಿಡುತ್ತಿದ್ದಳು. ಎಷ್ಟೋ ಹೊಸ ಹೆಣಿಗೆ ಕಲಿತಿದ್ದಳು. ಇನ್ನೊಬ್ಬರ ಕೈಯಂತೆ ಹೆಣೆಯುವುದನ್ನು ಕಲಿತದ್ದು ಇದೇ ಮೊದಲು.

ಅವ್ವನ ಮುಖ ದಿನದಿನಕ್ಕೆ ಅರಳಿತು.

"ನೋಡ ಪ್ರಭಾ, ಹೆಣಿಯೋ ಮುಂದ ತಪ್ಪೇತಿ ಅನಸ್ತೈತಿ. ಮಲಗಿ ಎದ್ದು ನೋಡಿದರ ತಪ್ಪಽ ಇರಂಗಿಲ್ಲ."

ಪ್ರಭಾವತಿ ಉಂಡೆ ಸುತ್ತುತ್ತ ತಲೆ ತಗ್ಗಿಸಿದಳು.

"ಕೈ ಬರಾಕ ಹತ್ತೇತಿ," ಎಂದು ಬಂದವರಿಗೆಲ್ಲ ಅವ್ವ ಮಫ್ಲರ್ ತೋರಿಸುತ್ತಿದ್ದರು.

ಒಂದು ಬೆಳಗ್ಗೆ ಪಕ್ಕದ ಊರಿನ ಮಹಾನಂದಾ ಬಂದಳು. ಅವಳ ಹೆರಿಗೆಗೆ ಮುಂಚೆ ಅವ್ವ ತಾವೇ ಹೋಗಿ ಧೈರ್ಯ ಹೇಳಿ ಬಂದಿದ್ದರು. ಈಗ ಕೂಸನ್ನು ತೋರಿಸಲು ತಂದಿದ್ದಳು.

ಅವ್ವ ಚಾಪೆಯ ಮೇಲಿಂದ ಎದ್ದು ಬಾಗಿಲ ಮುಂದಿನ ಕಟ್ಟೆಯ ಮೇಲೆ ಕುಳಿತು ಎರಡೂ ತೋಳು ಚಾಚಿದರು. "ಇತ್ತ ಕೊಡು."

ಮಹಾನಂದಾ ಅನುಮಾನಿಸಿದಳು. "ಕೈ, ಅವ್ವಾ..."

"ಕೈ ಬಂದೈತೆವಾ. ಮಫ್ಲರ್ ಹೆಣಿಯಾಕತ್ತೀನಿ ಈಗ."

ಪ್ರಭಾವತಿ ಬಾಗಿಲಲ್ಲಿ ನಿಂತಿದ್ದಳು. ಬಾಯಿ ತೆರೆದಳು. ಮಹಾನಂದಾಳ ಎದುರು ಹೇಗೆ ಹೇಳುವುದು ಎಂದು ಒಂದು ಗಳಿಗೆ ತಡೆದಳು.

ಅಷ್ಟರಲ್ಲಿ ಕೂಸು ಅವ್ವನ ತೋಳಿಗೆ ಬಂದಿತ್ತು. ಎಡಗೈ ತಲೆ ಹಿಡಿಯಿತು. ಬಲಗೈ ಕೆಳಗೆ ಕುಸಿಯಿತು. ಕೂಸು ಜಾರಿತು.

ಪ್ರಭಾವತಿ ಮೊಣಕಾಲೂರಿ ಬಿದ್ದು ಹಿಡಿದಳು. ಕೈಗೆ ಸಿಕ್ಕಿದ್ದು ಕೂಸು ಸುತ್ತಿದ್ದ ಬಟ್ಟೆ, ಅದರೊಳಗೆ ಬೆಚ್ಚಗಿನ ಬೆನ್ನು. ಪುಟ್ಟ ಹಿಮ್ಮಡಿ ನೆಲಕ್ಕೆ ಸೋಕಿತ್ತು, ಅಷ್ಟೆ.

ಕೂಸು ಕಿಟಾರನೆ ಕಿರುಚಿತು. ಮಹಾನಂದಾ ಅದನ್ನು ಕಿತ್ತುಕೊಂಡು ಎದೆಗೊತ್ತಿಕೊಂಡಳು.

"ಏನೂ ಆಗಿಲ್ಲ ಬಿಡ್ರೀ ಅವ್ವಾ," ಎಂದಳು. ಊಟಕ್ಕೆ ನಿಲ್ಲಲಿಲ್ಲ.

ಅವ್ವ ಕಟ್ಟೆಯ ಮೇಲೆ ಕುಳಿತೇ ಇದ್ದರು. ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದರು.

"ಇಷ್ಟು ಚಂದ ಹೆಣಿಯೋ ಕೈ, ಒಂದು ಕೂಸು ಹಿಡೀಲಿಲ್ಲ. ಯಾಕ ಪ್ರಭಾ?"

ಪ್ರಭಾವತಿ ಅವರ ಕಾಲ ಬಳಿ ಕುಸಿದಳು.

"ಅವು ನಿಮ್ಮ ಸಾಲಲ್ರೀ ಅವ್ವಾ. ನೀವು ಮಲಗಿದಾಗ ನಾ ಬಿಚ್ಚಿ ಹೆಣದೆ."

"ಎಷ್ಟು?"

"ಮೊದಲನೇ ಸಾಲೊಂದು ಬಿಟ್ಟು, ಎಲ್ಲಾ."

ಹೊಳೆಯ ಕಡೆಯಿಂದ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಅವ್ವ ಮಫ್ಲರ್ ತರಿಸಿಕೊಂಡರು. ಸಾಲುಗಳ ಮೇಲೆ ಎಡಗೈ ಆಡಿಸಿದರು.

"ಚಂದ ಐತಿ," ಎಂದರು. "ನಂದಲ್ಲ."

"ಆ ತೂತು ನೋಡಿ ನೀವು ಎದ್ದು ಹೋದ್ರಿ. ನನಗ ತಡಕೊಳ್ಳಾಕ ಆಗಲಿಲ್ಲ."

"ನನಗೂ ಆಗಿರಲಿಲ್ಲ. ಆದರ ಆ ತೂತು ನನ್ನ ಕೈ ಎಷ್ಟು ಐತಿ ಅಂತ ನನಗ ಹೇಳತಿತ್ತು. ನೀ ಅದರ ಬಾಯಿ ಕಟ್ಟಿದಿ."

ಪ್ರಭಾವತಿ ಅತ್ತಳು. "ನಾ ಇಲ್ಲಿರೋ ಯೋಗ್ಯತಿ ಕಳಕೊಂಡೆ. ನಾಳೆ ಊರಿಗೆ ಹೋಗ್ತೀನ್ರೀ."

"ಹೋಗಿ ಅಲ್ಲಿ ಯಾರ ಕೈ ತಿದ್ದತಿ?"

ಅವ್ವ ಎಡಗೈಯಿಂದ ಅವಳ ತಲೆ ಸವರಿದರು.

"ನಾಳೆ ಮಹಾನಂದಾನ ಮನಿಗೆ ಇಬ್ಬರೂ ಹೋಗೂಣು. ನಾನೂ ಕ್ಷಮಾ ಕೇಳಬೇಕು, ನೀನೂ ಕೇಳಬೇಕು. ಈಗ ಇದನ್ನ ಬಿಚ್ಚು."

ಇಡೀ ಮಫ್ಲರ್ ಬಿಚ್ಚಿದರು. ಸುರುಳಿಯಾಗಿದ್ದ ದಾರವನ್ನು ತೊಯಿಸಿ ಬೇವಿನ ಕೊಂಬೆಗೆ ಒಣಗಹಾಕಿದರು.

ಮಹಾನಂದಾಳ ಮನೆಗೆ ಹೋಗಿ ಬಂದ ಮೇಲೆ, ದಾರ ಒಣಗಿದ ದಿನ ಅವ್ವ ಹುಲ್ಲಿನ ಚೀಲ ಕಟ್ಟಿಸಿಕೊಂಡು ಕುಳಿತರು.

"ನೀ ಎಷ್ಟೋ ನಮೂನಿ ಹೆಣಿಗಿ ಕಲತಿ ಪ್ರಭಾ. ಇನ್ನೊಂದು ಕಲಿ. ಬಾ, ನನ್ನ ಎದುರು ಕೂಡು. ಕೈ ಎರಡೂ ತೊಡಿ ಕೆಳಗ ಇಟ್ಕೊ."

"ಆಮ್ಯಾಲ?"

"ಆಮ್ಯಾಲ ಏನಿಲ್ಲ. ನೋಡು."

ಅವಳು ಹಾಗೇ ಕುಳಿತಳು. ಅವ್ವ ಹೆಣೆಯತೊಡಗಿದರು. ಕುಣಿಕೆ ಬಿಟ್ಟುಹೋಯಿತು. ಪ್ರಭಾವತಿಯ ಕೈ ತಾನಾಗಿ ಮೇಲೆ ಬಂತು.

"ಕೈ," ಎಂದರು ಅವ್ವ.

ಕೈ ಮತ್ತೆ ಕೆಳಗೆ ಹೋಯಿತು.

ಇಷ್ಟು ಕಷ್ಟದ ಹೆಣಿಗೆಯನ್ನು ಅವಳು ಎಂದೂ ಕಲಿತಿರಲಿಲ್ಲ. ಕೆಲವು ದಿನ ಕಣ್ಣು ಮುಚ್ಚಿಕೊಂಡಳು. "ಕಣ್ಣೂ ತಗಿ," ಎನ್ನುತ್ತಿದ್ದರು ಅವ್ವ. ಮಧ್ಯಾಹ್ನ ಅವ್ವ ಮಲಗಿದಾಗ ಮಫ್ಲರ್ ಅಲ್ಲೇ ಮೂಲೆಯಲ್ಲಿರುತ್ತಿತ್ತು. ಪ್ರಭಾವತಿ ಎದ್ದು ಹೊಳೆಗೆ ಹೋಗಿ ಕಾಲು ಇಳಿಬಿಟ್ಟು ಕೂಡುತ್ತಿದ್ದಳು.

ಚಳಿಗಾಲ ಅರ್ಧ ಕಳೆದ ಮೇಲೆ ಮಫ್ಲರ್ ಮುಗಿಯಿತು. ಒಂದು ಕಡೆ ಅಗಲ, ಒಂದು ಕಡೆ ಕಿರಿದು. ಶಿವಕ್ಕ ಕುತ್ತಿಗೆಗೆ ಸುತ್ತಿಕೊಂಡು ಒಲೆಯ ಮುಂದೆ ಕುಳಿತಳು.

"ಹೆಂಗೈತಿ?" ಅವ್ವ ಕೇಳಿದರು.

"ಗಾಳಿ ಬರತೈತ್ರೀ ಅವ್ವಾ, ತೂತಿನಾಗಿಂದ."

"ಎರಡು ಸುತ್ತು ಹಾಕ್ಕೊ."

ಶಿವಕ್ಕ ಎರಡು ಸುತ್ತು ಹಾಕಿಕೊಂಡಳು. ಆಮೇಲೆ ಯಾರು ಕೇಳಿದರೂ ತೆಗೆಯಲಿಲ್ಲ.

ಡಾಕ್ಟರು ಬಂದು ಕೈ ನೋಡಿದರು. ತೋರುಬೆರಳಿಗೆ ತುಸು ಬಲ ಬಂದಿದೆ, ಹೆಬ್ಬೆರಳಿಗೆ ಬರಬಹುದು, ಉಳಿದದ್ದು ಹೇಳಲಾಗದು ಎಂದರು. ಅವ್ವ ತಲೆಯಾಡಿಸಿದರು. ಅಷ್ಟು ತಮಗೂ ಗೊತ್ತಿದೆ ಎಂದರು.

ಅವತ್ತೇ ಅವರು ಟೊಪ್ಪಿಗೆ ಹೆಣೆಯುವೆನೆಂದು ಹಟ ಹಿಡಿದರು.

"ಅದು ಸುತ್ತಿ ಹೆಣಿಯೋದ್ರೀ ಅವ್ವಾ. ಬಾಳ ತ್ರಾಸು."

"ನನಗೂ ಗೊತ್ತಿದ್ದದ್ದನ್ನ ಮತ್ತ ಮತ್ತ ಹೆಣಿಯಾಕ ಬ್ಯಾಸರ."

ಮತ್ತೆ ಎದುರುಬದುರು ಕುಳಿತರು. ಬೇವಿನ ನೆರಳು ಕಟ್ಟೆಯಿಂದ ಇಳಿದು ಅಂಗಳಕ್ಕೆ ಹೋಯಿತು. ಒಂದು ಕುಣಿಕೆ ಜಾರಿ, ಏಣಿಯಂತೆ ಕೆಳಕೆಳಗಿನ ಸಾಲಿಗೆ ಬಿಚ್ಚಿಕೊಳ್ಳುತ್ತ ಹೋಯಿತು. ಅವ್ವ ಕಡ್ಡಿಯ ತುದಿಯಿಂದ ಅದನ್ನು ಹಿಡಿಯಲು ಹೋದರು. ತಪ್ಪಿತು. ಮತ್ತೆ ಹೋದರು. ತಪ್ಪಿತು. ಹಣೆಯ ಮೇಲೆ ಬೆವರು ಮೂಡಿತು. ಪಕ್ಕದ ಲೋಟದಲ್ಲಿ ಚಹಾ ಆರಿಹೋಯಿತು.

ಪ್ರಭಾವತಿಯ ಕೈ ತೊಡೆಯ ಕೆಳಗೆ ಜೋಮು ಹಿಡಿದಿತ್ತು. ಕಡೆಗೆ ತಡೆಯಲಾಗದೆ ಕೇಳಿಯೇಬಿಟ್ಟಳು.

"ಅವ್ವಾ, ನಾ ಇಲ್ಲಿ ಯಾಕ ಕುಂತೀನ್ರೀ? ಹೆಣಿಯಾಕೂ ಇಲ್ಲ, ತಿದ್ದಾಕೂ ಇಲ್ಲ. ನನ್ನಿಂದ ನಿಮಗ ಏನೂ ಆಗವಲ್ದು. ಶಿವಕ್ಕನ ಹತ್ರ ಹೋಗಿ ಕಾಯಿಪಲ್ಯೆ ಆದರೂ ಹೆಚ್ಚತೀನಿ."

ಅವ್ವ ತಲೆಯೆತ್ತಲಿಲ್ಲ. ಕಡ್ಡಿಯ ತುದಿ ಇನ್ನೊಮ್ಮೆ ಕುಣಿಕೆಯತ್ತ ಹೋಯಿತು, ನಡುಗಿತು, ಒಳಗೆ ಹೊಕ್ಕಿತು. ತೋರುಬೆರಳು ನಿಧಾನವಾಗಿ ಅದನ್ನು ಮೇಲಕ್ಕೆ ತಳ್ಳಿತು.

"ನೀ ಇಲ್ಲಿ ಕುಂತಿರಲಿಲ್ಲಂದ್ರ," ಎಂದರು ಅವ್ವ, "ನಾ ಯಾವಾಗೋ ಎದ್ದು ಹೋಗಿರತಿದ್ದೆ."