ಕಮ್ಮಾರ ಕೇಳದೆ ಬಿಟ್ಟದ್ದು

ಬಡಿಸುವ ಸೌಟು ಎಲೆಯ ಹತ್ತಿರ ಬರುವ ಮೊದಲೇ ಕೈ ಅಡ್ಡ ಹಿಡಿದು ‘ಸಾಕು’ ಎನ್ನುವುದು ಕುಮುದಿನಿಯ ಅಭ್ಯಾಸ. ಅವಳು ಆಸ್ಪತ್ರೆಯಲ್ಲಿ ನರ್ಸ್. ವಾರಕ್ಕೊಮ್ಮೆ ಗುರುಗಳ ಬಳಿ ಪಾಠಕ್ಕೆ ಬರುತ್ತಿದ್ದಳು. ಒಂದು ದಿನ ಪಾಠ ಮುಗಿದು ಎಲ್ಲರೂ ಎದ್ದರು. ಅವಳು ಏಳಲಿಲ್ಲ.

“ಗುರುಗಳೇ, ಕರೆದು ಕೊಡುವವರ ಹತ್ತಿರ ಇನ್ನೂ ಬೇಕೆಂದು ಕೇಳಿದರೆ ಅದು ದುರಾಸೆಯಲ್ಲವೇ?”

“ಯಾರು ಕರೆದರಮ್ಮ?”

ಕಡಲಾಚೆಯ ಒಂದು ಆಸ್ಪತ್ರೆ ಅವಳನ್ನು ಕೆಲಸಕ್ಕೆ ಕರೆದಿತ್ತು. ಸಂಬಳ ಇಷ್ಟು, ವಿಮಾನದ ಟಿಕೆಟ್ ಒಂದು, ಇರಲು ಒಂದು ಕೋಣೆ ಎಂದು ಪತ್ರದಲ್ಲಿತ್ತು. ಬೇರೆ ಏನಾದರೂ ಕೇಳುವುದಿದ್ದರೆ ಶುಕ್ರವಾರದೊಳಗೆ ತಿಳಿಸಿ ಎಂದೂ ಇತ್ತು. ಕುಮುದಿನಿಯ ಗಂಡ ತೀರಿಕೊಂಡಿದ್ದ. ನಾಲ್ಕು ವರ್ಷದ ಮಗಳಿದ್ದಳು. ಪತ್ರದಲ್ಲಿ ಮಗಳ ಮಾತು ಇರಲಿಲ್ಲ. ಎರಡು ವರ್ಷ ಅವಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ಹೋಗುವುದೆಂದು ಕುಮುದಿನಿ ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದಳು.

“ಅಷ್ಟು ಸಂಬಳ ಕೊಡುತ್ತೇವೆ ಎಂದವರಿಗೆ, ಮಗುವಿನ ಟಿಕೆಟ್ಟೂ ಕೊಡಿ, ಕೋಣೆ ಸಾಲದು ಮನೆ ಕೊಡಿ ಎಂದರೆ ಏನಂದುಕೊಂಡಾರು?” ಎಂದಳು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕಮ್ಮಾರನಿದ್ದ. ಅವನು ಕಬ್ಬಿಣ ಬಡಿಯುವಾಗ ಹೆಂಡತಿ ಕುಲುಮೆಗೆ ಗಾಳಿ ಊದುವ ತಿದಿ ಒತ್ತುತ್ತಿದ್ದಳು. ಗಾಳಿ ಯಾವಾಗ ಜೋರಾಗಬೇಕು, ಯಾವಾಗ ನಿಲ್ಲಬೇಕು ಎಂದು ಅವನು ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಅವಳು ಕಬ್ಬಿಣದ ಬಣ್ಣ ನೋಡುತ್ತಿದ್ದಳು, ಅಷ್ಟೇ. ಕುಡುಗೋಲು ಮಾರಲು ಸಂತೆಗೆ ಮಾತ್ರ ಅವನೊಬ್ಬನೇ ಹೋಗುತ್ತಿದ್ದ.

ಸಂತೆಯಲ್ಲಿ ದ್ವೀಪದ ವರ್ತಕನೊಬ್ಬ ಆ ಕುಡುಗೋಲು ನೋಡಿದ. ಅಲಗನ್ನು ಬೆರಳಿನಿಂದ ಮುಟ್ಟಿ ನೋಡಿ, ಅಲ್ಲೇ ಕೆಲಸಕ್ಕೆ ಕರೆಯುವ ವೀಳ್ಯ ಕೊಟ್ಟು, “ನಮ್ಮ ದ್ವೀಪಕ್ಕೆ ಬಾ ಆಚಾರಿ. ಕೂಲಿ ಎಷ್ಟು, ಮನೆ ಎಂಥದ್ದು, ದೋಣಿಯಲ್ಲಿ ಏನೇನು ಬರಬೇಕು, ಹೇಳು” ಎಂದ.

ಕಮ್ಮಾರನ ಸೀಮೆಯಲ್ಲಿ ವೀಳ್ಯ ಕೊಟ್ಟವರ ಮುಂದೆ ಬಾಯಿಬಿಟ್ಟು ಕೇಳುವುದು ಕೀಳು. ಕೇಳದವನಿಗೆ ಕೊಡುವವರೇ ನೋಡಿ ಹೆಚ್ಚು ಕೊಡುವುದು ವಾಡಿಕೆ. “ನಿಮ್ಮ ಮನಸ್ಸಿಗೆ ಬಂದಷ್ಟು ಕೊಡಿ ಸ್ವಾಮಿ” ಎಂದ. ವರ್ತಕನ ದ್ವೀಪದಲ್ಲಿ ಕೇಳದವನೆಂದರೆ ಏನೂ ಬೇಕಿಲ್ಲದವನು. ಒಬ್ಬನ ಕೂಲಿ, ಒಬ್ಬನಿಗೆ ಸಾಲುವ ಮನೆ, ದೋಣಿಯಲ್ಲಿ ಒಂದು ಜಾಗ ಎಂದು ತೀರ್ಮಾನವಾಯಿತು.

ಕಮ್ಮಾರ ಮನೆಗೆ ಬಂದು ಹೆಂಡತಿಗೆ, “ನಾನೊಬ್ಬನೇ ಬರಬೇಕಂತೆ” ಎಂದ. ಅವಳು ಬುತ್ತಿ ಕಟ್ಟಿದಳು.

ದ್ವೀಪದಲ್ಲಿ ತಿದಿಗೆ ಇಬ್ಬರು ಗಟ್ಟಿ ಆಳುಗಳನ್ನು ಕೊಟ್ಟರು. ಒಮ್ಮೆ ಕಬ್ಬಿಣ ಸುಟ್ಟುಹೋಗುತ್ತಿತ್ತು, ಒಮ್ಮೆ ಕಾಯುತ್ತಲೇ ಇರಲಿಲ್ಲ. ಕುಡುಗೋಲುಗಳೇನೋ ಆದವು. ಅವನ ಕುಡುಗೋಲುಗಳಾಗಲಿಲ್ಲ. ವರ್ತಕ ಹಬ್ಬಕ್ಕೊಮ್ಮೆ ಬಂದು, “ಏನಾದರೂ ಬೇಕೇ ಆಚಾರಿ?” ಎಂದು ಕೇಳುತ್ತಿದ್ದ. “ಏನೂ ಬೇಡ ಸ್ವಾಮಿ, ಎಲ್ಲಾ ಸರಿಯಾಗಿದೆ” ಎಂದು ಕಮ್ಮಾರ ಕೈಮುಗಿಯುತ್ತಿದ್ದ. ಕೆಲಸ ನೋಡಿದರೆ ಅವರಿಗೇ ತಿಳಿದೀತು ಎಂದು ಕಾದ. ಹೀಗೆ ಮೂರು ವರ್ಷ.

ನಾಲ್ಕನೆಯ ವರ್ಷ ಕಮ್ಮಾರನ ಸೀಮೆಯವನೇ ಆದ ಗಾಣಿಗನೊಬ್ಬ ದೋಣಿಯಿಂದ ಇಳಿದ. ಅವನ ಹಿಂದೆ ಹೆಂಡತಿ, ಇಬ್ಬರು ಮಕ್ಕಳು, ಗಾಣದ ಎತ್ತು, ಕೊನೆಗೆ ಅತ್ತೆ.

“ಅತ್ತೆಯನ್ನೂ ಕೇಳಿ ತಂದೆಯೇನಯ್ಯ?” ಎಂದ ಕಮ್ಮಾರ.

“ಎತ್ತನ್ನು ಕೇಳಿ ತಂದೆ. ಅತ್ತೆ ಅವರಾಗಿಯೇ ಹತ್ತಿದರು” ಎಂದ ಗಾಣಿಗ.

ಕಮ್ಮಾರ ವರ್ತಕನ ಬಳಿಗೆ ಹೋದ. “ಸ್ವಾಮಿ, ಅವನಿಗೆ ಇಷ್ಟೆಲ್ಲ ಹೇಗೆ ಕೊಟ್ಟಿರಿ?”

“ಕೇಳಿದ, ಕೊಟ್ಟೆ. ಎತ್ತು ಯಾಕೆ ಅಂದೆ. ‘ನೀವೇ ಗಾಣ ತಿರುಗಿಸುತ್ತೀರಾದರೆ ಬೇಡ’ ಅಂದ. ನಿನಗೇನು ಬೇಕು ಹೇಳು.”

“ನನ್ನ ಹೆಂಡತಿಯನ್ನು ಕರೆಸಿಕೊಡಿ. ತಿದಿ ಅವಳೇ ಒತ್ತಬೇಕು.”

ವರ್ತಕ ಬೆರಗಾಗಿ ನೋಡಿದ. “ಅಯ್ಯೋ ಮಾರಾಯ, ನಿನಗೆ ಹೆಂಡತಿ ಇದ್ದಾಳೆಯೇ?” ಎಂದು, ಮರುದಿನವೇ ದೋಣಿ ಕಳಿಸಿದ.

ಹೆಂಡತಿ ಬಂದಳು. ಬಂದವಳೇ ಸೆರಗು ಸಿಕ್ಕಿಸಿಕೊಂಡು ತಿದಿಯ ಮುಂದೆ ಕುಳಿತಳು. ಮೂರು ವರ್ಷದಲ್ಲಿ ಮೊದಲ ಸಲ ಕಬ್ಬಿಣ ಅವನಿಗೆ ಬೇಕಾದ ಬಣ್ಣಕ್ಕೆ ಬಂತು. ಅವನು ಸುತ್ತಿಗೆ ಎತ್ತುವಾಗ ಅವಳು ಹೇಳಿದಳು:

“ನೀವು ಎಷ್ಟು ಸಲ ಕೇಳಿದಿರೋ, ಅವರು ಎಷ್ಟು ಸಲ ಇಲ್ಲವೆಂದರೋ ಅಂತ ನನಗೆ ಅಲ್ಲಿ ಒಂದೇ ಸಂಕಟ. ಆ ವರ್ತಕನದು ಕಲ್ಲು ಮನಸ್ಸು ಅಂತ ಊರಿಗೆಲ್ಲ ಹೇಳಿಕೊಂಡು ಬಂದೆ. ನೋಡಿದರೆ ಒಳ್ಳೆಯವರೇ ಇದ್ದಾರೆ ಪಾಪ. ಈಗ ಹೇಗೆ ಒಪ್ಪಿದರು?”

ಕಮ್ಮಾರನ ಕೈ ಮೇಲೆಯೇ ನಿಂತಿತು. ಕಾದ ಕಬ್ಬಿಣ ಆರಿತು.

ಗುರುಗಳು ಕತೆಯನ್ನು ಅಲ್ಲಿಗೆ ಬಿಟ್ಟರು.

ಕುಮುದಿನಿ, “ಅವರು ಆಗುವುದಿಲ್ಲ ಎಂದುಬಿಟ್ಟರೆ, ಗುರುಗಳೇ? ಇರುವ ಕೆಲಸವೂ ತಪ್ಪಿಹೋದರೆ?” ಎಂದಳು.

“ತಪ್ಪಿದರೂ ತಪ್ಪಬಹುದು” ಎಂದರು ಗುರುಗಳು. ಅವರ ದನಿಯಲ್ಲಿ ಕರುಣೆಯಿತ್ತು. “ಕೇಳದೆಯೇ ಹೊರಟರೆ ಮಗಳಿಗೆ ಏನು ಹೇಳಿ ಹೋಗುತ್ತೀ, ಅದನ್ನೊಮ್ಮೆ ನನಗೆ ಹೇಳಮ್ಮ.”

ಕುಮುದಿನಿ ಚೀಲದಿಂದ ಪತ್ರ ತೆಗೆದು, ‘ಶುಕ್ರವಾರದೊಳಗೆ ತಿಳಿಸಿ’ ಎಂಬ ಸಾಲಿನ ಕೆಳಗೆ ಮಗಳ ಹೆಸರು ಬರೆದಳು.