ಇರುವೆಗಳು ಇಟ್ಟ ರಂಗೋಲಿ

ಪುಟ್ಟತಾಯಮ್ಮ ತೀರಿಕೊಂಡ ಮೇಲೆ ಆ ಮನೆಯ ಹೊಸ್ತಿಲ ಮುಂದೆ ಯಾರೂ ರಂಗೋಲಿ ಇಡಲಿಲ್ಲ. ಅವರ ಅಕ್ಕಿಹಿಟ್ಟಿನ ಎಳೆಗಳನ್ನೇ ತಿಂದು ಬದುಕಿದ್ದ ಇರುವೆಗಳು ದಿನವೂ ಬಂದು ಬರಿಬಾಯಲ್ಲಿ ಹಿಂದಿರುಗುತ್ತಿದ್ದವು.

"ಇದು ಸಾವಾದ ಮನೆ. ವರ್ಷ ತುಂಬುವ ತನಕ ರಂಗೋಲಿ ಇಡುವುದಿಲ್ಲ. ಬೇರೆ ಬಾಗಿಲು ನೋಡಿಕೊಳ್ಳಿ" ಎಂದಿತು ಹೊಸ್ತಿಲು.

ಮರುದಿನ ಬೆಳಿಗ್ಗೆ ಇರುವೆಗಳು ಗೂಡಿನಲ್ಲಿ ಉಳಿದಿದ್ದ ಹಿಟ್ಟನ್ನೆಲ್ಲ ಹೊತ್ತು ತಂದು, ಪುಟ್ಟತಾಯಮ್ಮ ಚುಕ್ಕಿ ಇಡುತ್ತಿದ್ದ ಜಾಗಗಳಲ್ಲೇ ಒಂದೊಂದಾಗಿ ಇಟ್ಟವು.

"ಹಸಿದವರು ತಿನ್ನುವುದು ಬಿಟ್ಟು ಇದೇನು?" ಎಂದು ಹೊಸ್ತಿಲು ಗದರಿತು.

"ಆಯಮ್ಮ ಇದ್ದಾಗ ಇಟ್ಟ ಕೂಡಲೇ ತಿಂದುಬಿಡುತ್ತಿದ್ದೆವು. ಒಂದು ದಿನವೂ ಪೂರ್ತಿ ನೋಡಲಿಲ್ಲ" ಎಂದಿತು ಮುದಿ ಇರುವೆ.

ಹೊಸ್ತಿಲು ಇರುವೆಗಳು ಇಟ್ಟ ಚುಕ್ಕಿಗಳನ್ನು ಎಣಿಸಿತು. ಆಮೇಲೆ ಮೆಲ್ಲಗೆ ಹೇಳಿತು: "ಎಡಗಡೆ ಇನ್ನೊಂದು ಚುಕ್ಕಿ ಇರುತ್ತಿತ್ತು."